ಪಕ್ಷ

ಬಾಸ್ಟನ್ ಎಂದರೆ ಅಮೆರಿಕದ್ದಲ್ಲ, ಅದರ ಅಜ್ಜಿ.
ಲಿಂಕನ್‌ಶೈರಿನ ಚಪ್ಪಟೆ ನೆಲದಲ್ಲಿ
ಕೋಸಿನ ಹೊಲಗಳ ನಡುವೆ ಕೂತ ಊರು.
ಇಲ್ಲಿನ ಸರಕಾರಿ ಶಾಲೆಯ ಜಿಮ್‌ನಲ್ಲಿ
ಇವತ್ತು ಗಣಿತ ಪರೀಕ್ಷೆ.
ಬ್ಯಾಸ್ಕೆಟ್‌ಬಾಲ್ ಬಳೆಗಳ ಕೆಳಗೆ ನೂರ ನಲವತ್ತು ಮೇಜು,
ಮೇಜಿಗೂ ಮೇಜಿಗೂ ನಡುವೆ ಒಂದೂಕಾಲು ಮೀಟರು.
ಬೆಳಿಗ್ಗೆ ಟೇಪು ಹಿಡಿದು ಅಳೆದವಳು ನಾನೇ.

ಏಳನೇ ಸಾಲಿನಲ್ಲಿ ಉಗ್ನೆ ಕೈ ಎತ್ತಿದಳು.
ಲಿಥುವೇನಿಯಾದಿಂದ ಬಂದು ಹದಿನಾಲ್ಕು ತಿಂಗಳು.
ತಾಯಿ ರಾತ್ರಿ ಪಾಳಿಯಲ್ಲಿ ಕೋಸಿಗೆ ಪ್ಲಾಸ್ಟಿಕ್ ಸುತ್ತುತ್ತಾಳೆ.
ಮಗಳು ಬೀಜಗಣಿತ ಬಿಡಿಸುವುದೋ,
ಅವರೆಕಾಳು ಹಿಸುಕಿದ ಹಾಗೆ:
ಸಿಪ್ಪೆ ಆ ಕಡೆ, ಕಾಳು ಈ ಕಡೆ.

ದಿನಕ್ಕೆ ಮುನ್ನೂರ ಹನ್ನೆರಡು ಪೆಟ್ಟಿಗೆ ತುಂಬುವವನು
ಒಂದು ಫೋರ್ಟ್‌ನೈಟಿನಲ್ಲಿ ಎಷ್ಟು ತುಂಬುತ್ತಾನೆ?
ಬೆರಳು ಆ ಪದದ ಮೇಲೆ ನಿಂತಿತ್ತು.
ಆ ಹೆಸರಿನ ಆಟ ಗೊತ್ತು ಅವಳಿಗೆ,
ಆಟದಲ್ಲಿ ದಿನ ಎಷ್ಟು?
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಪುಟ್ಟ ಕೋಟೆ,
ಕೋಟೆಯ ಮೇಲೆ ಒಂದು ಚಂದ್ರ.

ನಿಯಮ ಇಷ್ಟೇ: ಓದಿ ಹೇಳಬಹುದು, ಅರ್ಥ ಹೇಳುವಂತಿಲ್ಲ.
ಓದಿದೆ. ಇನ್ನೊಮ್ಮೆ ಓದಿದೆ,
ನಿಧಾನ ಮಾಡಿದರೆ ಪದ ತಾನೇ ಬಾಯಿ ಬಿಟ್ಟೀತು ಎಂಬಂತೆ.

ನನ್ನ ನಾಲಿಗೆಯ ಅಡಿಯಲ್ಲಿತ್ತು ಅದು: ಪಕ್ಷ.
ನಮ್ಮದಕ್ಕೆ ಹದಿನೈದು, ಇವರದಕ್ಕೆ ಹದಿನಾಲ್ಕು,
ಸಮುದ್ರ ದಾಟುವಾಗ ಒಂದು ದಿನ ಎಲ್ಲೋ ಬಿದ್ದುಹೋಗಿದೆ.

ಅವಳ ಹಿಂದಿನ ಮೇಜು ಬ್ರ್ಯಾಡ್ಲಿಯದು.
ಅಪ್ಪ, ಅಜ್ಜ, ಅಜ್ಜನ ಅಪ್ಪ, ಎಲ್ಲ ಇದೇ ಮಣ್ಣು.
ಫೋರ್ಟ್‌ನೈಟ್ ಅವನಿಗೆ ಹುಟ್ಟಿನಿಂದ ಗೊತ್ತು:
ಅಪ್ಪ ಭತ್ಯೆಯ ಕಚೇರಿಗೆ ಸಹಿ ಹಾಕಲು ಹೋಗಿ
ಮಾತಿಲ್ಲದೆ ಮನೆಗೆ ಬರುವ ದಿನ.
ಗೊತ್ತಿಲ್ಲದ್ದು ಅದರ ಮುಂದಿನದು.
ಗುಣಾಕಾರದ ಹೊಸ್ತಿಲಲ್ಲಿ ಪೆನ್ನು
ಕರೆಯದ ನೆಂಟನ ಹಾಗೆ ನಿಂತೇ ಇತ್ತು.

ಸ್ಟಾಫ್ ರೂಮಿನ ಗೋಡೆಯ ಮೇಲೆ ಎರಡು ಗೆರೆ.
ಬಂದವರದು ನೀಲಿ, ಇಲ್ಲೇ ಹುಟ್ಟಿದವರದು ಕಿತ್ತಳೆ.
ಹನ್ನೊಂದರ ವಯಸ್ಸಿಗೆ ನೀಲಿ ಕೆಳಗೆ,
ಹದಿನಾರಕ್ಕೆ ಕಿತ್ತಳೆ ಕೆಳಗೆ.
ಅವು ದಾಟಿಕೊಳ್ಳುವ ಜಾಗಕ್ಕೆ ಬೆರಳಿಟ್ಟು
'ಇಲ್ಲಿ ಏನಾಯಿತು?' ಎನ್ನುತ್ತಾರೆ ಹೆಡ್‌ಮಾಸ್ಟರು.
ಬಿಸ್ಕತ್ತಿನ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ.

ಗಂಗಾವತಿಯ ಕನ್ನಡ ಶಾಲೆ ಮುಗಿಸಿ
ಧಾರವಾಡದ ಇಂಗ್ಲಿಷ್ ಕಾಲೇಜಿಗೆ ಹೋದ ವರ್ಷ
'ರೆಸ್ಪೆಕ್ಟಿವ್ಲಿ' ಎಂದರೆ ಗೌರವದಿಂದ ಎಂದುಕೊಂಡೆ.
ನಾಲ್ಕು ಅಂಕ ಕಳೆದೆ,
ಗೌರವದಿಂದಲೇ ಕಳೆದೆ.
ಹಾಗಾಗಿ ನಾನು ಅವಳ ಪಕ್ಷವೇ ಇರಬೇಕು.
ಆದರೆ ಹುಡುಗ ತಲೆ ಎತ್ತಿ ಗಡಿಯಾರ ನೋಡಿದ ರೀತಿ...
ಆ ಕಣ್ಣನ್ನೂ ನಾನು ಬಲ್ಲೆ,
ನಮ್ಮ ಅಣ್ಣನದು, ಮೂರನೇ ಸಲ ಎಸ್ಸೆಸ್ಸೆಲ್ಸಿ ಕಟ್ಟಿದಾಗ.

ಗಂಟೆ ಹೊಡೆಯಿತು. ಪೆನ್ನು ಕೆಳಗೆ.
ಉಗ್ನೆ ನಲವತ್ತರಿಂದ ಗುಣಿಸಿದ್ದಳು;
'ಫೋರ್ಟ್' ಅಂದರೆ ಫಾರ್ಟಿ ಇರಬೇಕು ಎಂದು.
ಹೆಜ್ಜೆ ಹೆಜ್ಜೆಯೂ ಸರಿ.
ಪಾಪ, ಆ ಕೆಲಸಗಾರ ನಲವತ್ತು ರಾತ್ರಿ
ಕಣ್ಣು ಮುಚ್ಚದೆ ಪೆಟ್ಟಿಗೆ ತುಂಬಿದ್ದ.
ಬ್ರ್ಯಾಡ್ಲಿಯದರಲ್ಲಿ ಒಂದೇ ಸಂಖ್ಯೆ: ಹದಿನಾಲ್ಕು.
ಅದರ ಕೆಳಗೆ ಎರಡು ಗೆರೆ. ಮುಂದೆ ಬಿಳಿ.

ನಂಬರಿನ ಕ್ರಮದಲ್ಲಿ ಕಟ್ಟು ಜೋಡಿಸಿದೆ.
ಅವಳ ಹಾಳೆ, ಅದರ ಬೆನ್ನಿಗೆ ಅವನದು.
ನಡುವೆ ಈಗ ಟೇಪು ಹಿಡಿಯುವಷ್ಟು ಜಾಗವಿಲ್ಲ.
ಕೋಟೆಯ ಮೇಲಿನ ಆ ಚಂದ್ರ
ಏರುವುದೋ ಇಳಿಯುವುದೋ
ಪೆನ್ಸಿಲಿನ ಗೆರೆಯಲ್ಲಿ ತಿಳಿಯಲಿಲ್ಲ.