ಮೀಟರು ಓದುವವಳು ಆರ್ಕಿಡ್ ಮನೆಗೆ ಹೋದದ್ದು

ಟಿಕೇಟು ಐವತ್ತು ರೂಪಾಯಿ. ನನಗೆ ಪುಕ್ಕಟೆ,
ಯಾಕೆಂದರೆ ಇವರ ನೀರಿನ ಮೀಟರು
ಹೂಗಳ ಹಿಂದೆ ಅಡಗಿ ಕೂತಿದೆ.
ಕುಕ್‌ಟೌನಿನ ಆ ಅಡ್ಡರಸ್ತೆಯಲ್ಲಿ
ಮಿಕ್ಕವರ ಮೀಟರೆಲ್ಲ ಗೇಟಿನ ಪಕ್ಕ,
ನಾಯಿ ಕಾಯುವ ಗುಂಡಿಗಳಲ್ಲಿ;
ಬಗ್ಗಿ, ಜೇಡನ ಬಲೆ ಬಿಡಿಸಿ, ಅಂಕಿ ಹಿಡಿದು ಬರಬೇಕು.

ಇಲ್ಲಿ ಹಸಿರು ಬಲೆಯ ಬಾಗಿಲು ಸರಿಸಿದರೆ
ಮೇ ತಿಂಗಳು ಹೊರಗೇ ನಿಲ್ಲುತ್ತದೆ.
ಮೂಗಿಗೆ ಮೊದಲು ಒದ್ದೆ ಇದ್ದಿಲು, ಆಮೇಲೆ ತೆಂಗಿನ ನಾರು,
ಆಮೇಲೆ ಎಲ್ಲೋ ಬೇಕರಿ ಬಾಗಿಲು ತೆರೆದ ಹಾಗೆ
ಒಂದು ಹೂವು.
ಕನ್ನಡಕ ಮಂಜಾಯಿತು.
ಒರೆಸಿಕೊಳ್ಳುವಷ್ಟರಲ್ಲಿ
ಬಣ್ಣಗಳು ನನ್ನನ್ನು ನೋಡಿ ಮುಗಿಸಿದ್ದವು.

ಮಾಲಿ ಪಿಳ್ಳಪ್ಪ ಕೊಳವೆ ಕೆಳಗಿಟ್ಟು ಬಂದ.
"ನೀವು ಹೋದ್ಸಲ ಬಂದಾಗ ಇದು ಮೊಗ್ಗು.
ಬೀಜದಿಂದ ಇಲ್ಲೀಗಂಟ ಏಳು ವರ್ಷ ಮೇಡಂ,
ಧೂಳಿನಂಥ ಬೀಜ, ಸೀನಿದ್ರೆ ಒಂದು ತೋಟಾನೇ ಹಾರೋಯ್ತದೆ."
ಇನ್ನೊಂದಕ್ಕೆ ಚಪ್ಪಲಿಯಂಥ ತುಟಿ,
ಒಳಗೆ ಬಿದ್ದ ನೊಣ ಹಿತ್ತಿಲ ಬಾಗಿಲಿಂದಲೇ ಹೊರಡಬೇಕಂತೆ.
ನನ್ನ ಚಪ್ಪಲಿ ನೋಡಿಕೊಂಡೆ: ದಿನಕ್ಕೆ ನೂರಿಪ್ಪತ್ತು ಮನೆ,
ಹಿಮ್ಮಡಿಯ ಕಡೆ ಹಪ್ಪಳದಷ್ಟು ಉಳಿದಿದೆ.

ಕುಂಡಗಳಲ್ಲಿ ಮಣ್ಣೇ ಇಲ್ಲ.
ಬೇರುಗಳು ಗಾಳಿಯಲ್ಲಿ ಜೋತಾಡುತ್ತವೆ,
ಒಣಗಿದಾಗ ಬೂದಿ, ನೀರು ತಾಗಿದ ಕೂಡಲೇ ಹಸಿರು.
"ಬಂದಳಿಕೆ ತಾನೇ?" ಅಂದೆ, ತಿಳಿದವಳಂತೆ.
ಪಿಳ್ಳಪ್ಪನದು ಬೈಸಿಕೊಂಡ ಮುಖ.
"ಹಂಗನ್ಬೇಡಿ. ಬಂದಳಿಕೆ ಮರದ ರಸ ಹೀರ್ತದೆ.
ಇದು ಸುಮ್ನೆ ಕೂತ್ಕಂತದೆ. ಮರದ್ದು ಜಾಗ ಮಾತ್ರ,
ಊಟ ನೀರು ಎಲ್ಲಾ ಇದರದ್ದೇ."

ಸುಮ್ಮನೆ ಕೂತುಕೊಳ್ಳುವುದು ನನಗೆ ಗೊತ್ತು.
ಹನ್ನೊಂದು ಹನ್ನೊಂದು ತಿಂಗಳ ಕರಾರು,
ಲಿಂಗರಾಜಪುರ, ಕಮ್ಮನಹಳ್ಳಿ, ಮತ್ತೆ ಲಿಂಗರಾಜಪುರ.
ಗೋಡೆಗೆ ಮೊಳೆ ಹೊಡೆಯಬಾರದು,
ರಾತ್ರಿ ಹತ್ತರ ಮೇಲೆ ಒಗ್ಗರಣೆ ಸದ್ದಾಗಬಾರದು,
ಬಿಡುವಾಗ ಅಡ್ವಾನ್ಸಿನಲ್ಲಿ ಸುಣ್ಣಬಣ್ಣಕ್ಕೆಂದು ಒಂದು ತಿಂಗಳು ಮುರಿ.
ನಮ್ಮಪ್ಪ ಆರು ಮನೆಗಳಿಂದ, ಫೋಟೋದಲ್ಲಿ,
ಬೀರುವಿಗೆ ಒರಗಿಯೇ ನಿಂತಿದ್ದಾನೆ.

ವೇಲಿನ ತುದಿಯಿಂದ ಮೀಟರಿನ ಗಾಜು ಒರೆಸಿದೆ.
ನಲ್ಲಿಗಳೆಲ್ಲ ನಿಂತಿದ್ದವು. ಆದರೂ ಒಳಗಿನ ಕೆಂಪು ಚಕ್ರ
ಇರುವೆಗಿಂತ ನಿಧಾನವಾಗಿ ತಿರುಗುತ್ತಿತ್ತು.
ಪೈಪು ಹಿಡಿದು ಹೋದೆ. ಗೋಡೆಯ ಮೂಲೆ, ತುಕ್ಕು ತಿಂದ ಸಂದು,
ಎಣಿಸಿದೆ, ನಿಮಿಷಕ್ಕೆ ಎಂಬತ್ತು ಹನಿ.
ಹನಿಯ ಕೆಳಗೆ, ಕುಂಡವಿಲ್ಲದೆ, ಹೆಸರಿನ ಚೀಟಿಯಿಲ್ಲದೆ,
ಇಟ್ಟಿಗೆಗೆ ಬೇರು ಅಂಟಿಸಿಕೊಂಡು
ಒಂದು ಸೀತಾಳೆ, ದಂಡೆಗೆ ದಂಡೆಯೇ ಅರಳಿತ್ತು.
"ನಾನು ನೆಟ್ಟಿದ್ದಲ್ಲ" ಎಂದ ಪಿಳ್ಳಪ್ಪ.

ನಮ್ಮ ಬೀದಿಗೆ ನೀರು ಮಂಗಳವಾರ, ಶುಕ್ರವಾರ.
ಕೊಡಗಳು ಹಿಂದಿನ ರಾತ್ರಿಯೇ ಸಾಲಿಗೆ ಬಂದು ಮಲಗುತ್ತವೆ.
ಕೈಯಲ್ಲಿದ್ದ ಯಂತ್ರದಲ್ಲಿ ಸೋರಿಕೆ ಎನ್ನುವುದಕ್ಕೊಂದು ಗುಂಡಿ.
ಬಹಳ ಹೊತ್ತೇನೂ ಯೋಚಿಸಲಿಲ್ಲ.
ಒತ್ತಿದೆ.
ಚೀಟಿ ಹೊರಬಂತು, ಉದ್ದಕ್ಕೆ, ಬೆಚ್ಚಗೆ;
ಅದನ್ನೂ ಅವನು ಬುಡದಲ್ಲಿ ಎರಡು ಬೆರಳಿಟ್ಟು,
ದಂಟು ಮುರಿಯದ ಹಾಗೆ ಹಿಡಿದ.

ಗೇಟಿನವರೆಗೆ ಮಾತಿಲ್ಲ. ಆಮೇಲೆ ಹಿಂದಿನಿಂದ ಓಡಿಬಂದ,
ಒದ್ದೆ ನಾರಿನಲ್ಲಿ ಎರಡೆಲೆ, ಮೂರು ಬೇರು.
"ಪೈಪು ರಿಪೇರಿ ಆದ್ಮೇಲೆ ಅದಕ್ಕೆ ಅಲ್ಲಿ ಗತಿಯಿಲ್ಲ.
ಮರೀನಾದ್ರೂ ತಕಳಿ."
ಆಫೀಸಿನ ಭಾಷೆಯಲ್ಲಿ ಇದಕ್ಕೇನೆನ್ನುತ್ತಾರೆಂದು ಗೊತ್ತಿದ್ದೂ
ತಗೊಂಡೆ.

ಈಗ ಅಡುಗೆಮನೆ ಕಿಟಕಿಯ ಸರಳಿಗೆ
ಹಳೇ ವೇಲಿನ ಅಂಚಿನಿಂದ ಕಟ್ಟಿದ್ದೇನೆ. ಮೊಳೆ ಹೊಡೆದಿಲ್ಲ.
ದಿನಾ ಎರಡು ಬೊಗಸೆ ಅಕ್ಕಚ್ಚು.
ಓನರಮ್ಮ ಕೆಳಗಿಂದ ಕತ್ತೆತ್ತಿ "ಏನದು ಕಳೆ?" ಎಂದರು.
ಸುಮ್ನೆ ಕೂತಿದೆ ಅಷ್ಟೇ, ಎಂದೆ.

ಹೂವಿನ ಸುದ್ದಿಯಿಲ್ಲ.
ಒಂದು ಬೇರು ಮಾತ್ರ ನಿನ್ನೆ ಸರಳು ಬಿಟ್ಟು
ಗೋಡೆಯ ಕಡೆ ಹೊರಳಿದೆ.
ಕರಾರು ಮುಗಿಯಲು ಇನ್ನು ನಾಲ್ಕು ತಿಂಗಳು.