ಹದಿನೇಳು

ಹೊರಗೆ ಮೈನಸ್ ಇಪ್ಪತ್ತಾರು.
ಶೆಲೆಫ್ಟಿಯೊದ ಈ ಶೆಡ್ಡಿನೊಳಗೆ
ನಾಲ್ಕು ಪಟ್ಟಿ ಬಿಗಿಸಿಕೊಂಡು, ರೋಲರುಗಳ ಮೇಲೆ,
ಎಲ್ಲಿಗೂ ಹೋಗದೆ ಗಂಟೆಗೆ ನೂರ ಎಂಬತ್ತು ಕಿಲೋಮೀಟರ್
ಓಡುತ್ತಿದೆ ಆಂತೆಯ ಹಳೇ ವೋಲ್ವೊ.
ಹಿಂದಿನ ಸೀಟಿನ ತುಂಬ ಹಿಮಸಾರಂಗದ ಕೂದಲು,
ಹಗ್ಗ, ಜೋಡಿಯಿಲ್ಲದ ಒಂದು ಕೈಗವಸು.
ಟರ್ಬೊ ಮಾತ್ರ ಹೊಸದು,
ಚಳಿಗೆ ಮುಂಚೆ ಮಾಂಸ ಮಾರಿದ ದುಡ್ಡು.

ನಿನ್ನ ಹತ್ತಿರ ಎಷ್ಟು ಸಾರಂಗವಿದೆ ಎಂದು
ಅವನ ಜನರನ್ನು ಕೇಳಬಾರದು,
ಅದು ಜೇಬಿಗೆ ಕೈಹಾಕಿದ ಹಾಗೆ.
ಕುದುರೆಯ ಲೆಕ್ಕವನ್ನು ಮಾತ್ರ ಊರಿಗೆಲ್ಲ ಸಾರುತ್ತಾನೆ:
"ಮುನ್ನೂರು, ಗುನ್ವೋರ್. ಒಂದೂ ಕಡಿಮೆ ಬೇಡ."

ತಿಳಿಯದವರು ಕೇಳುತ್ತಾರೆ,
ಪಿಸ್ಟನ್ನು ತುದಿ ಮುಟ್ಟಿದ ಮೇಲೆ ಕಿಡಿ ಕೊಟ್ಟರಾಗದೆ?
ಆಗದು. ಬೆಂಕಿಗೂ ನಡೆದು ಬರಲು ಹೊತ್ತು ಬೇಕು.
ಅದು ಬರುವಷ್ಟರಲ್ಲಿ ಪಿಸ್ಟನ್ನು ಅರ್ಧ ಇಳಿದಿರುತ್ತದೆ,
ಹೊರಟುಹೋದವನ ಬೆನ್ನಿಗೆ ಕೂಗಿದ ಹೆಸರು.
ಹಾಗಾಗಿ ಮೊದಲೇ ಹಚ್ಚಬೇಕು, ಇನ್ನೂ ಏರುತ್ತಿರುವಾಗಲೇ.
ಎಷ್ಟು ಮೊದಲು?
ಅದೇ ನನ್ನ ಹೊಟ್ಟೆಪಾಡು.

ಲ್ಯಾಪ್‌ಟಾಪಿನಲ್ಲಿ ಚೌಕ ಚೌಕ ಅಂಕಿಗಳು.
ಒಂದು ಚೌಕ ಮುಟ್ಟುತ್ತೇನೆ, ಕಾರು ಒಮ್ಮೆ ಅರಚುತ್ತದೆ.
ಹದಿನಾಲ್ಕು ಡಿಗ್ರಿ: ಇನ್ನೂರ ಎಪ್ಪತ್ತೊಂದು ಕುದುರೆ.
ಹದಿನೈದು: ಇನ್ನೂರ ಎಂಬತ್ಮೂರು.
ಹದಿನಾರಕ್ಕೆ ಒಂಬತ್ತು ಸೇರಿತು, ಹದಿನೇಳಕ್ಕೆ ಆರು.
ಕೊಡುವ ಕೈ ಬರಬರುತ್ತ ಬಿಗಿಯಾಗುತ್ತದೆ.
ಹದಿನೆಂಟು:
ಮುನ್ನೂರ ಒಂದು.

ಆಗ ಸಿಕ್ಸ್‌ಟೆನ್ ಕೈಯೆತ್ತಿದ.

ಎಪ್ಪತ್ತೆಂಟು ವರ್ಷ, ಎಡಗಿವಿ ಪೂರ್ತಿ ಹೋಗಿದೆ.
ಈ ಶೆಡ್ಡು ಅವನದು, ಮೂಲೆಯ ಸ್ಟೂಲೂ ಅವನದು.
ಎಂಜಿನ್ನಿಗೆ ಬಿಗಿದ ತಾಮ್ರದ ಕೊಳವೆ,
ಅದರಿಂದ ರಬ್ಬರ್ ನಳಿಗೆ, ನಳಿಗೆಯ ತುದಿಗೆ ಅವನ ಬಲಗಿವಿ.
ಕಂಪ್ಯೂಟರಿಗೆ ಸೆನ್ಸರ್ ಇದೆ ಎಂದು ನಾನೂ ಹೇಳುವುದಿಲ್ಲ,
ಅವನೂ ಕೇಳುವುದಿಲ್ಲ.
ಡಿಸ್ಟ್ರಿಬ್ಯೂಟರನ್ನು ಕೈಯಲ್ಲೇ ತಿರುಗಿಸಿ
ಹದ ಹಿಡಿಯುತ್ತಿದ್ದ ಕಾಲದವನು.

ಈಗ ಎತ್ತಿದ ಕೈ ಹೇಳುತ್ತಿದೆ: ನಾಕಿಂಗ್.
ತಗಡಿನ ಡಬ್ಬದಲ್ಲಿ ಬಟಾಣಿ.
ನನ್ನ ಪರದೆಯ ಮೇಲೆ ಸೆನ್ಸರಿನ ಗೆರೆ
ಹೆಪ್ಪುಗಟ್ಟಿದ ಕೆರೆಯಷ್ಟು ಸಪಾಟು.

ಕಪಾಟಿನ ಮೇಲೆ ಒಂದು ಪಿಸ್ಟನ್ ಇದೆ,
ನೆತ್ತಿಯಲ್ಲಿ ನಾಣ್ಯದಗಲ ತೂತು.
ತೊಂಬತ್ತೊಂದರ ಮಾರ್ಚಿನಲ್ಲಿ ಅದು ನನ್ನ ಕೈಯ ಕೆಲಸ.
ಅವತ್ತೂ ಅವನು ಕೈಯೆತ್ತಿದ್ದ.
ನಾನು ಅಂಕಿಯನ್ನು ನೋಡುತ್ತಿದ್ದೆ.
ಒಂದು ಮಾತೂ ಬೈಯಲಿಲ್ಲ ಪುಣ್ಯಾತ್ಮ.
ಪೆನ್ನು ನಿಲ್ಲಿಸಲು ಚೆನ್ನಾಗಿದೆ ಎಂದು
ಅಲ್ಲಿ ಇಟ್ಟ, ಅಷ್ಟೆ.

ಹದಿನೇಳಕ್ಕೆ ಇಳಿಸಿದೆ.
ಮತ್ತೆ ಓಡಿಸಿದೆ. ಅವನ ಕೈ ಮೇಲೇ ಇತ್ತು ಸ್ವಲ್ಪ ಹೊತ್ತು,
ಆಮೇಲೆ ಮೆಲ್ಲಗೆ ತೊಡೆಗೆ ಇಳಿಯಿತು.
"ಈಗ ಸರಿ" ಎಂದ. ಕಾಫಿ ಇಡಲು ಹೋದ.

ಅವನು ಅತ್ತ ಹೋದ ಮೇಲೆ ಕಾರಿನಡಿ ತೂರಿದೆ.
ಸೈಲೆನ್ಸರಿನ ಮೇಲಿನ ತಗಡು,
ಒಂದು ಬೋಲ್ಟ್ ಸಡಿಲ, ಬೆರಳು ತಾಗಿದರೆ ಗಲಗಲ.
ಬಟಾಣಿ ಇದೇ.
ಅವನ ಕಿವಿ ಸುಳ್ಳಾಡಿರಲಿಲ್ಲ,
ಊರು ಸರಿ, ಮನೆ ತಪ್ಪು.
ಹತ್ತರ ಸ್ಪ್ಯಾನರು, ಒಂದೂವರೆ ಸುತ್ತು. ಸದ್ದಿಲ್ಲ.

ಎದ್ದು ಬಂದು ಲ್ಯಾಪ್‌ಟಾಪಿನ ಮುಂದೆ ನಿಂತೆ.
ಒಂದು ಕೀಲಿ ಒತ್ತಿದರೆ ಹದಿನೆಂಟು.
ಒಳಗೆ ಲೋಟಗಳ ಸದ್ದು, ಅವನ ಸಿಳ್ಳೆ,
ಎಂದಿನಂತೆ ಶ್ರುತಿ ತಪ್ಪಿ.
ಸೇವ್ ಮಾಡಿದೆ. ವೈರು ಕಿತ್ತೆ.

ಆಂತೆ ಕಾಗದವನ್ನು ದೀಪಕ್ಕೆ ಹಿಡಿದು ನೋಡಿದ.
"ಇನ್ನೂರ ತೊಂಬತ್ತೆಂಟು.
ಎರಡು ಎಲ್ಲಿ ಹೋದವು?"
"ತಪ್ಪಿಸಿಕೊಂಡವು" ಎಂದೆ. "ಕಾಡಲ್ಲೆಲ್ಲೋ ಮೇಯುತ್ತಿರಬೇಕು."
ಅವನು ನಗಲಿಲ್ಲ.
ತಪ್ಪಿಸಿಕೊಂಡವುಗಳ ವಿಷಯ ಅವನಿಗೆ ಗೊತ್ತು.
ಕಾಗದ ಮಡಚಿ ಜೇಬಿಗಿಟ್ಟ,
ಒಳಗಿಂದ ಬಂದ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.