ಎಂಟುನೂರರ ಬೆಳ್ಳಿ

ಚೌಕಿಪೇಟೆಯ ನನ್ನ ಅಂಗಡಿಗೆ
ರೆಜಿನಮ್ಮ ಬಂದದ್ದು ಕರೆಂಟು ಹೋದ ಮಧ್ಯಾಹ್ನ.
ಮಂಡಕ್ಕಿ ಕಟ್ಟಿದ್ದ ಹಳೇ ಪೇಪರು ಬಿಚ್ಚಿ
ಕೈಸರವೊಂದನ್ನು ಗಾಜಿನ ಮೇಲಿಟ್ಟಳು:
ಸರಪಳಿಗೆ ಜೋತುಬಿದ್ದ ಏಳು ಬಿಲ್ಲೆ.

'ಅಕ್ಕ ಮಾರ್ತಾಳದು. ಪರದೇಶದಾಗೆ ಮುದುಕಿಯೊಬ್ಬಳ
ಗಾಲಿಕುರ್ಚಿ ತಳ್ಳಿದಳು ಹದಿನೆಂಟು ವರ್ಷ.
ಮುದುಕಿಗೆ ಮನಸ್ಸಾದಾಗೊಂದು ಕ್ಷೇತ್ರ,
ಕ್ಷೇತ್ರಕ್ಕೊಂದು ಬಿಲ್ಲೆ. ಈಗ ಅಕ್ಕ ಇಲ್ಲ.
ಕರಗಿಸಿ, ಮೊಮ್ಮಗಳಿಗೊಂದು ಜೊತೆ
ಕಾಲ್ಗೆಜ್ಜೆ ಮಾಡಿಕೊಡ್ರಿ ಆಚಾರ್ರೇ.'

ಕಣ್ಣಿಗೆ ಮಸೂರ ಸಿಕ್ಕಿಸಿ ಬಾಗಿಲ ಬೆಳಕಿಗೆ ಹಿಡಿದೆ.
ಬೆನ್ನಲ್ಲಿ ಎಂಟುನೂರೆಂಬ ಅಂಕಿ.
ಸಾವಿರಕ್ಕೆ ಎಂಟುನೂರು ಬೆಳ್ಳಿ, ಮಿಕ್ಕಿದ್ದು ತಾಮ್ರ;
ಮನುಷ್ಯರ ಲೆಕ್ಕದಲ್ಲಿ ಅದೇನೂ ಕಡಿಮೆಯಲ್ಲ.
ಅಂಚಿನ ಅಕ್ಷರ ನನಗೆ ಬಾರದು.
ಮುಖ ಓದುತ್ತ ಹೋದೆ.

ಕೋಲೂರಿ ಹೊಳೆ ದಾಟುವವನು, ಹೆಗಲ ಮೇಲೆ ಕೂಸು.
ವಸುದೇವ, ಎಂದೆ ತಡವಿಲ್ಲದೆ.
'ಬುಟ್ಟಿ ಎಲ್ಲೈತಿ?' ಎಂದು ನಕ್ಕಳು.
ಕ್ರಿಸ್ತೋಫರ್ ಅಂತೆ. ನಡುಹೊಳೆಯಲ್ಲಿ ಆ ಕೂಸು
ಲೋಕದಷ್ಟು ಭಾರವಾಯಿತಂತೆ.
ತಕ್ಕಡಿಗಿಟ್ಟೆ. ಹೊಳೆಯೂ ಸೇರಿ
ಮೂರು ಗ್ರಾಮಿಗೆ ಒಂದು ಗುಂಜಿ ಕಡಿಮೆ.

ಇನ್ನೊಬ್ಬನ ಕೈಯಲ್ಲಿ ಕಬ್ಬಿಣದ ಜಾಲರಿ.
ಮಂಡಕ್ಕಿ ಭಟ್ಟಿಯವನೇನು, ಎಂದೆ.
'ಲಾರೆನ್ಸಪ್ಪ. ಅದರ ಮೇಲೇ ಸುಟ್ಟರು.
ಈ ಮಗ್ಗುಲು ಬೆಂದೈತಿ, ಹೊರಳಿಸಿ ಅಂದನಂತೆ.'
ನಕ್ಕುಬಿಟ್ಟೆ. ಆಮೇಲೆ
ಕುಲುಮೆಯ ಕಡೆ ನೋಡಲಾಗಲಿಲ್ಲ.

ತೊಡೆಯ ಹುಣ್ಣು ತೋರಿಸುವವನ ಕಾಲ ಬಳಿ
ರೊಟ್ಟಿ ಕಚ್ಚಿದ ನಾಯಿ.
ನಾಯಿ ಇದ್ದ ಮೇಲೆ ಮೈಲಾರನ ಕಡೆಯವನೇ ಇರಬೇಕು.
ಅಲ್ಲ, ರೋಕಪ್ಪ, ಪ್ಲೇಗಿನವನು.
ಪ್ಲೇಗಿನ ವರ್ಷ ನಮ್ಮ ಮುತ್ತಜ್ಜ
ಹೊಲದ ಗುಡಿಸಲಲ್ಲಿ ಒಬ್ಬನೇ ಇದ್ದನಂತೆ.
ರೊಟ್ಟಿ ತಂದ ನಾಯಿಯ ಮಾತನ್ನು ಮಾತ್ರ
ನಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ.

ತಟ್ಟೆಯಲ್ಲಿ ಎರಡು ಕಣ್ಣು ಹಿಡಿದ ಹೆಣ್ಣು.
ಇದು ನನ್ನ ಕಸುಬು: ಉಚ್ಚಂಗೆಮ್ಮನ ಹರಕೆಗೆ
ಬೆಳ್ಳಿಕಣ್ಣು ತಟ್ಟುತ್ತ ನಲವತ್ತು ವರ್ಷ ಕಳೆದಿದ್ದೇನೆ.
ನಾವು ಅಮ್ಮನಿಗೆ ಕಣ್ಣು ಒಪ್ಪಿಸುತ್ತೇವೆ;
ಇವಳು ತಾನೇ ಹಿಡಿದು ನಿಂತಿದ್ದಾಳೆ,
ಯಾರವಮ್ಮ ಇವು ಎಂದು ಕೇಳುವ ಹಾಗೆ.
'ಲೂಸಿಯಮ್ಮ. ಅವಳವೇ ಅವು.'
ಹರಕೆ ಕಣ್ಣು ಮೂಸೆಗೆ ಹಾಕಬೇಡ ಅಂದಿದ್ದ ಅಪ್ಪ.
ಬದಿಗಿಟ್ಟೆ.

ಚಿಪ್ಪೊಂದು. ಬೀಸಣಿಗೆ ಅಂದುಕೊಂಡಿದ್ದೆ.
ಸಮುದ್ರ ಕಾಣದ ಊರಿನವನು ನಾನು.
ಯಾಕೋಬನ ಗೋರಿಯತನಕ ನಡೆಯುವವರ ಗುರುತಂತೆ,
ಅದರಲ್ಲೇ ನೀರು ಮೊಗೆದು ಕುಡಿಯುತ್ತಿದ್ದರಂತೆ.
ಹಾವು ಮೆಟ್ಟಿ ನಿಂತ ತಾಯಿಯ ಬೆರಳಿಂದ ಕಿರಣ;
ಮರಿಯಮ್ಮನ ಹೆಸರು ನಾನೇ ಹೇಳಿದೆ,
ಒಂದಾದರೂ ಸರಿಹೋಯಿತು.

ಏಳನೆಯದು ನುಣ್ಣಗೆ ಸವೆದಿತ್ತು.
ಮೂಗಿಲ್ಲ, ಕೈಯಿಲ್ಲ, ಕೈಯಲ್ಲಿ ಹಿಡಿದದ್ದೂ ಇಲ್ಲ.
ಇದ್ಯಾರು, ಎಂದೆ.
ರೆಜಿನಮ್ಮ ಹೆಬ್ಬೆರಳಿಂದ ಸವರಿದಳು. ಸುಮ್ಮನಾದಳು.
ಒರೆಗೆ ಹಚ್ಚಿದೆ: ಬೆಳ್ಳಿಯೇ ಅಲ್ಲ, ತವರ.
ಮಾರ್ತಾ ಯಾರನ್ನು ಇಷ್ಟೊಂದು ಕರೆದಳೋ.

ಕರೆಂಟು ಬಂತು. ಫ್ಯಾನು ತಿರುಗಿತು.
ಬರೀ ಸರಪಳಿ ಕರಗಿಸುತ್ತೇನೆ, ಹನ್ನೊಂದು ಗ್ರಾಂ,
ಒಂದು ಕಾಲಿಗಾಗುತ್ತದೆ, ಎಂದೆ.
'ಕೂಸಿಗೆ ಎರಡು ಕಾಲವಲ್ರೀ?
ಸಣ್ಣ ಸರಪಳಿ ಎರಡೆಳೀರಿ,
ಗೆಜ್ಜೆ ಬದಲು ಇವರನ್ನೇ ಪೋಣಿಸ್ರಿ.'

ಕಾಲಿಗೆ ದೇವರನ್ನು ಕಟ್ಟಬಾರದಮ್ಮ.

'ದೇವರಲ್ಲ ಆಚಾರ್ರೇ, ನಡೆದವರು,'
ಎಂದವಳು ಪೇಪರು ಮಡಚಿ ಸೊಂಟಕ್ಕೆ ಸಿಕ್ಕಿಸಿ
ಮಜೂರಿ ಎಷ್ಟೆಂದು ಕೇಳಿದಳು.